ಸಿಇಟಿ ಇಲ್ಲದ ಕೆಲಸ: ನಾಯಿ ಟ್ರೈನರ್‌ಗಳು ಎಲ್ಲಿಂದ ಬರ್ತಾರೆ?

ನಮ್ಮ ಬ್ಯಾಚಿನಲ್ಲಿ ಯಾರಾದರೂ ‘ನಾನು ಪ್ಲೇಸ್‌ಮೆಂಟಿಗೆ ಕೂರಲ್ಲ, ನಾಯಿಗಳಿಗೆ ಟ್ರೈನಿಂಗ್ ಕೊಡೋದನ್ನ ಕಲೀತೀನಿ’ ಅಂದರೆ ಪಕ್ಕದ ಬೆಂಚಿನಿಂದ ಬರುವ ಪ್ರಶ್ನೆ ಗೊತ್ತೇ ಇದೆ: ‘ಅದಕ್ಕೆ ಯಾವ ಕೋರ್ಸು ಮಗಾ? ಎಲ್ಲಿ ಸೀಟು ಸಿಗುತ್ತೆ?’ ಮನೆಯಲ್ಲಿ ಅಪ್ಪ ಕೇಳುವುದು ಬೇರೆ: ‘ಇದಕ್ಕಾ ನಾಲ್ಕು ವರ್ಷ ಫೀಸು ಕಟ್ಟಿದ್ದು?’ ಎರಡನೆಯದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ, ಅದು ನಿಮ್ಮ ನಿಮ್ಮ ಮನೆಯ ವಿಚಾರ. ಮೊದಲನೆಯದನ್ನು ಸ್ವಲ್ಪ ವಿವರವಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ, ಸೀಟೇ ಇಲ್ಲ. ನಮ್ಮ ದೇಶದಲ್ಲಿ ನಾಯಿಗೆ ಚಿಕಿತ್ಸೆ ಕೊಡಬೇಕಾದರೆ ಪಶುವೈದ್ಯ ಪದವಿ ಬೇಕು, ಪರಿಷತ್ತಿನಲ್ಲಿ ನೋಂದಣಿ ಬೇಕು. ಆದರೆ ‘ಇಲ್ಲಿ ನಾಯಿಗಳಿಗೆ ತರಬೇತಿ ಕೊಡಲಾಗುವುದು’ ಅಂತ ಬೋರ್ಡು ಹಾಕುವುದಕ್ಕೆ ಬೋರ್ಡು ಬರೆಯುವವನೊಬ್ಬ ಸಿಕ್ಕರೆ ಸಾಕು. ಪದವಿ ಕೇಳುವವರಿಲ್ಲ, ಪರೀಕ್ಷೆ ಇಲ್ಲ. ಈ ಉದ್ಯಮ ನಮಗಿಂತ ಎಷ್ಟೋ ಮೊದಲು ಬೆಳೆದ ಅಮೆರಿಕದಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಇಷ್ಟವಿದ್ದವರು ಬರೆಯುವ ಸರ್ಟಿಫಿಕೇಟ್ ಪರೀಕ್ಷೆಗಳಿವೆ, ಕಡ್ಡಾಯವಾದದ್ದು ಯಾವುದೂ ಇಲ್ಲ.

ಹಾಗಾಗಿ ಈ ಕೆಲಸಕ್ಕೆ ಬಂದವರೆಲ್ಲ ಬೇರೆ ಎಲ್ಲಿಂದಲೋ ಬಂದವರು. ಪೊಲೀಸ್ ಠಾಣೆಯಿಂದ, ಸೇನೆಯಿಂದ, ಮನಃಶಾಸ್ತ್ರದ ಲ್ಯಾಬಿನಿಂದ, ಡಾಲ್ಫಿನ್ ಕೊಳದಿಂದ, ಪಶು ಆಸ್ಪತ್ರೆಯಿಂದ, ಶೆಲ್ಟರಿನಿಂದ. ಬರುವಾಗ ಒಬ್ಬೊಬ್ಬರೂ ‘ನಾಯಿ ಅಂದರೆ ಏನು’ ಅನ್ನುವುದಕ್ಕೆ ಒಂದೊಂದು ಉತ್ತರವನ್ನು ಹೊತ್ತು ತಂದರು. ಆ ಉತ್ತರ ಸರಿ ಇದ್ದಲ್ಲಿ ನಾಯಿ ಬದುಕಿತು, ತಪ್ಪಿದ್ದಲ್ಲಿ ನಾಯಿ ಏಟು ತಿಂದಿತು, ಕೆಲವು ಸಲ ಮನೆಯನ್ನೇ ಕಳೆದುಕೊಂಡಿತು. ಈ ಕ್ಷೇತ್ರಕ್ಕೆ ಕಾಲಿಡುವ ಆಸೆ ಇರುವವರು ಯಾರು ಯಾವ ಬಾಗಿಲಿನಿಂದ ಬಂದರು ಅಂತ ತಿಳಿದುಕೊಳ್ಳಬೇಕಾದ್ದು ಅದಕ್ಕೇ.

ಖಾಕಿ ಬಾಗಿಲು

ಹಳೆಯ ಬಾಗಿಲು ಇದೇ. ಕಾನ್ರಾಡ್ ಮೋಸ್ಟ್ ಅನ್ನುವ ಜರ್ಮನ್ ಪೊಲೀಸ್ ಅಧಿಕಾರಿ 1910ರಲ್ಲಿ ನಾಯಿ ತರಬೇತಿಯ ಬಗ್ಗೆ ಒಂದು ಪುಸ್ತಕ ಬರೆದ. ನಾಯಿ ಒಂದು ಕೆಲಸ ಮಾಡಿದ ಕ್ಷಣಕ್ಕೂ ಅದಕ್ಕೆ ಸಿಗುವ ಫಲಕ್ಕೂ ನಡುವೆ ಅಂತರ ಇರಬಾರದು ಅನ್ನುವುದು ಆತನಿಗೆ ಆಗಲೇ ಗೊತ್ತಿತ್ತು. ಈ ವಿಷಯದಲ್ಲಿ ಆತ ತನ್ನ ಕಾಲಕ್ಕಿಂತ ಮುಂದಿದ್ದ. ಆದರೆ ಪದ್ಧತಿಯಲ್ಲಿ ಬಲವಂತದ ಪಾಲು ದೊಡ್ಡದು. ಅಮೆರಿಕದ ವಿಲಿಯಂ ಕೋಹ್ಲರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ನಾಯಿಗಳ ಜೊತೆ ಕೆಲಸ ಮಾಡಿ, ಆಮೇಲೆ ಡಿಸ್ನಿ ಸಿನಿಮಾಗಳಿಗೆ ನಾಯಿಗಳನ್ನು ತಯಾರು ಮಾಡಿದ. 1962ರಲ್ಲಿ ಬಂದ ಅವನ ಪುಸ್ತಕ ಮನೆಮನೆಯ ನಾಯಿಗೂ ಅದೇ ಕುತ್ತಿಗೆ ಬಿಗಿಯುವ ಚೈನನ್ನು ತಂದಿತು.

ನಮ್ಮಲ್ಲಿ ಇವತ್ತಿಗೂ ತಿಂಗಳ ಕೊನೆಗೆ ಖಚಿತವಾಗಿ ಸಂಬಳ ಸಿಗುವ ಬಾಗಿಲು ಇದು. ನಮ್ಮ ಪೊಲೀಸ್ ಇಲಾಖೆಗೆ ಜಿಲ್ಲೆಗಳಲ್ಲಿ ಶ್ವಾನದಳಗಳಿವೆ, ಬೆಂಗಳೂರಿನ ಆಡುಗೋಡಿಯಲ್ಲಿ ಇರುವುದು ಹೆಸರುವಾಸಿ. ಸೇನೆಯ ನಾಯಿಗಳು ಮೀರತ್‌ನಲ್ಲಿ ತಯಾರಾಗುತ್ತವೆ. ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರ ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿದೆ. ಸಿಆರ್‌ಪಿಎಫ್‌ನ ನಾಯಿ ತಳಿ ಮತ್ತು ತರಬೇತಿ ಶಾಲೆಯಂತೂ ನಮ್ಮ ಬೆಂಗಳೂರಿನ ಹೊರಗೆ, ತರಳುವಿನಲ್ಲೇ ಇದೆ. ಇಲ್ಲಿಗೆ ‘ನಾಯಿ ಟ್ರೈನರ್ ಹುದ್ದೆ’ ಅಂತ ಅರ್ಜಿ ಹಾಕಿ ಹೋಗುವುದಲ್ಲ. ಮೊದಲು ಕಾನ್‌ಸ್ಟೇಬಲ್ಲೋ ಸಿಪಾಯಿಯೋ ಆಗಬೇಕು, ಆಮೇಲೆ ದಳಕ್ಕೆ ಹೋಗಬೇಕು. ಅಲ್ಲಿ ಹ್ಯಾಂಡ್ಲರ್ ಅಂದರೆ ನಾಯಿಯ ಊಟ, ಸ್ನಾನ, ವಾಕಿಂಗ್, ಜ್ವರ ಎಲ್ಲಕ್ಕೂ ಅವನೇ. ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ 2020ರಲ್ಲಿ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಸುಮಾರು 12 ಕಿ.ಮೀ. ಓಡಿದ್ದು ಪೇಪರುಗಳಲ್ಲಿ ಬಂತಲ್ಲ, ಅಂಥ ಓಟದ ಹಿಂದೆ ದಿನಾ ಬೆಳಗಿನ ಇಂಥ ಚಾಕರಿ ಇರುತ್ತದೆ.

ಸೇವೆಯಿಂದ ನಿವೃತ್ತರಾಗಿ ಖಾಸಗಿಯಾಗಿ ತರಬೇತಿ ಕೊಡುವವರೂ ಇದ್ದಾರೆ. ಅವರ ಕೈ ಪಳಗಿದ್ದು, ಅನುಮಾನ ಬೇಡ. ಆದರೆ ನಮ್ಮಂಥವರು ಗಮನಿಸಬೇಕಾದ ಒಂದು ಸ್ಯಾಂಪ್ಲಿಂಗ್ ಸಮಸ್ಯೆ ಇಲ್ಲಿದೆ. ಪೊಲೀಸ್ ನಾಯಿ ಆರಿಸಿ ತಂದ ನಾಯಿ: ಧೈರ್ಯ, ಆಟದ ಹುಚ್ಚು, ದೇಹದ ಗಟ್ಟಿತನ ನೋಡಿ ತೆಗೆದುಕೊಂಡದ್ದು. ಹೊಂದದ ನಾಯಿಯನ್ನು ದಳ ಬೇಡ ಅನ್ನಬಹುದು. ಮನೆ ನಾಯಿಯ ಟ್ರೈನರ್‌ಗೆ ಆ ಸೌಕರ್ಯ ಇಲ್ಲ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿಕೊಂಡು ನಡುಗುವ ನಾಯಿಗೇ ಅವನು ಪಾಠ ಹೇಳಬೇಕು. ಗಟ್ಟಿ ನಾಯಿ ತಡೆದುಕೊಂಡ ಗದರಿಕೆಯನ್ನು ಪುಕ್ಕಲು ನಾಯಿ ತಡೆದುಕೊಳ್ಳುವುದಿಲ್ಲ.

ಪಾರಿವಾಳ, ಕೋಳಿ, ಡಾಲ್ಫಿನ್

ನಮಗೆ ಅತಿ ಇಷ್ಟವಾದ ಬಾಗಿಲು ಇದು. ಯಾಕೆಂದರೆ ಇಲ್ಲಿ ನಾಯಿಯೇ ಕೊನೆಗೆ ಬರುತ್ತದೆ.

ಬಿ.ಎಫ್. ಸ್ಕಿನ್ನರ್ 1938ರಲ್ಲಿ ಪ್ರಾಣಿಗಳ ವರ್ತನೆಯ ಮೇಲಿನ ತನ್ನ ಮುಖ್ಯ ಪುಸ್ತಕ ಪ್ರಕಟಿಸಿದ. ಪ್ರಾಣಿ ಏನು ಮಾಡುತ್ತದೆ ಅನ್ನುವುದನ್ನು, ಅದು ಮಾಡಿದ್ದರಿಂದ ಅದಕ್ಕೆ ಏನು ಸಿಕ್ಕಿತು ಅನ್ನುವುದೇ ತಿದ್ದುತ್ತಾ ಹೋಗುತ್ತದೆ ಅನ್ನುವುದು ತಿರುಳು. ಯುದ್ಧದ ಕಾಲದಲ್ಲಿ ಪಾರಿವಾಳಗಳಿಂದ ಬಾಂಬಿಗೆ ದಾರಿ ತೋರಿಸುವ ಯೋಜನೆಯೊಂದನ್ನು ಆತ ಕೈಗೆತ್ತಿಕೊಂಡ. ನಗಬೇಡಿ, ಪಾರಿವಾಳಗಳು ಪರದೆಯ ಮೇಲಿನ ಗುರಿಯನ್ನು ಕೊಕ್ಕಿನಿಂದ ಕುಟ್ಟುವುದನ್ನು ನಿಜಕ್ಕೂ ಕಲಿತವು. ಸೇನೆ ಮಾತ್ರ ಯೋಜನೆಯನ್ನು ಬಳಸಲಿಲ್ಲ. ಅದರಲ್ಲಿ ಕೆಲಸ ಮಾಡಿದ ಇಬ್ಬರು ವಿದ್ಯಾರ್ಥಿಗಳು ಕೆಲ್ಲರ್ ಮತ್ತು ಮರಿಯನ್ ಬ್ರೆಲ್ಯಾಂಡ್ ದಂಪತಿ. ಅವರು ಓದನ್ನು ಅರ್ಧಕ್ಕೆ ಬಿಟ್ಟು 1940ರ ದಶಕದಲ್ಲಿ ಪ್ರಾಣಿ ತರಬೇತಿಯ ಕಂಪನಿಯನ್ನೇ ತೆರೆದರು. ಇವತ್ತಿನ ಭಾಷೆಯಲ್ಲಿ ಡ್ರಾಪ್‌ಔಟ್ ಸ್ಟಾರ್ಟಪ್. ಮೊದಲ ಗಿರಾಕಿ ಕೋಳಿ ಆಹಾರ ಮಾರುವ ಕಂಪನಿ, ಮೊದಲ ಕಲಾವಿದರು ಕೋಳಿಗಳು. ಮುಂದೆ ನೂರಕ್ಕೂ ಹೆಚ್ಚು ಬಗೆಯ, ಸಾವಿರಾರು ಪ್ರಾಣಿಗಳಿಗೆ ಅವರು ಪಾಠ ಹೇಳಿದರು.

ಅವರನ್ನು ನಾವು ಗೌರವಿಸುವುದು ಗೆಲುವಿಗಿಂತ ಹೆಚ್ಚಾಗಿ 1961ರಲ್ಲಿ ಬರೆದ ಒಂದು ಪ್ರಬಂಧಕ್ಕೆ. ನಮ್ಮ ಸಿದ್ಧಾಂತ ಎಲ್ಲೆಲ್ಲಿ ಕೈಕೊಟ್ಟಿತು ಅಂತ ಅವರೇ ಅದರಲ್ಲಿ ಪಟ್ಟಿ ಮಾಡಿದರು. ನಾಣ್ಯವನ್ನು ಡಬ್ಬಿಗೆ ಹಾಕಲು ರಕೂನಿಗೆ ಕಲಿಸಿದರು. ಒಂದು ನಾಣ್ಯ ಇದ್ದಾಗ ಸರಿಯಾಗೇ ಹಾಕಿತು, ಎರಡು ಕೊಟ್ಟರೆ ಜಿಪುಣನ ಹಾಗೆ ಎರಡನ್ನೂ ಒಂದಕ್ಕೊಂದು ಉಜ್ಜುತ್ತಾ ಕೂತಿತು. ಹಂದಿಗೆ ಮರದ ನಾಣ್ಯ ಹೊತ್ತು ತರಲು ಕಲಿಸಿದರೆ, ದಿನ ಕಳೆದಂತೆ ಅದು ನಾಣ್ಯವನ್ನು ನೆಲಕ್ಕೆ ಹಾಕಿ ಮೂತಿಯಿಂದ ಮಣ್ಣು ಕೆದಕುವ ಹಾಗೆ ನೂಕತೊಡಗಿತು. ಬಹುಮಾನ ತಡವಾದರೂ ಸರಿ, ಹುಟ್ಟುಗುಣವೇ ಮೇಲಾಯಿತು. ನಮ್ಮ ಮುಧೋಳ ನಾಯಿಯನ್ನು ನೆನಪಿಸಿಕೊಳ್ಳಿ. ಕಣ್ಣಿಗೆ ಬಿದ್ದು ಓಡುವುದನ್ನು ಬೆನ್ನಟ್ಟಲೆಂದೇ ತಲೆಮಾರುಗಳಿಂದ ಸಾಕಿದ ತಳಿ ಅದು. ಅದನ್ನು ಫ್ಲ್ಯಾಟಿನಲ್ಲಿ ಸಾಕಿ, ಪಾರ್ಕಿನಲ್ಲಿ ಅಳಿಲಿನ ಹಿಂದೆ ಓಡಿತು, ಕರೆದರೆ ಬರಲಿಲ್ಲ ಅಂತ ಬೈದರೆ ತಪ್ಪು ನಾಯಿಯದಲ್ಲ.

ಇನ್ನು ಡಾಲ್ಫಿನ್. 1964ರಲ್ಲಿ ಹವಾಯಿಯಲ್ಲಿ ಸೀ ಲೈಫ್ ಪಾರ್ಕ್ ಶುರುವಾಯಿತು. ಅದನ್ನು ಕಟ್ಟಿದವನ ಹೆಂಡತಿ ಕ್ಯಾರೆನ್ ಪ್ರಯರ್. ಡಾಲ್ಫಿನ್‌ಗಳಿಗೆ ಕಲಿಸುವ ಹೊಣೆ ಆಕೆಯ ಮೇಲೆ ಬಿತ್ತು. ಆಕೆ ವಿಜ್ಞಾನಿಯಾಗಿರಲಿಲ್ಲ, ಕುದುರೆಮರಿ ಸಾಕಿ ಗೊತ್ತಿತ್ತು ಅಷ್ಟೆ. ಕೈಗೆ ಸಿಕ್ಕಿದ್ದು ಸ್ಕಿನ್ನರ್ ಪರಂಪರೆಯ ಒಬ್ಬರು ಬರೆದಿಟ್ಟ ತರಬೇತಿ ಕೈಪಿಡಿ. ಈಗ ಯೋಚಿಸಿ: ಡಾಲ್ಫಿನ್‌ಗೆ ಚೈನು ಹಾಕಲಾಗುವುದಿಲ್ಲ. ಕಿವಿ ಹಿಂಡಲಾಗುವುದಿಲ್ಲ. ಸಿಟ್ಟು ಮಾಡಿದರೆ ಅದು ಕೊಳದ ಆ ಕಡೆಗೆ ಈಜಿಹೋಗುತ್ತದೆ, ನೀವು ಮೀನಿನ ಬಕೆಟ್ಟು ಹಿಡಿದುಕೊಂಡು ಈ ಕಡೆ ನಿಂತಿರುತ್ತೀರಿ. ಬಲವಂತ ಅನ್ನುವ ಆಯ್ಕೆಯೇ ಇಲ್ಲದ ಕಡೆ ಉಳಿಯುವುದು ಒಳ್ಳೆಯ ಪಾಠ ಮಾತ್ರ.

ಅಲ್ಲಿ ಇನ್ನೊಂದು ತೊಡಕು ಇತ್ತು, ಅದು ನಮ್ಮ ಸಿಲಬಸ್ಸಿಗೆ ಹತ್ತಿರದ್ದು. ಡಾಲ್ಫಿನ್ ಕೊಳದ ನಡುವೆ ಚೆನ್ನಾಗಿ ಹಾರಿತು ಅನ್ನಿ. ಮೀನು ಬಾಯಿಗೆ ತಲುಪುವ ಹೊತ್ತಿಗೆ ಅದು ಬಿದ್ದು, ತಿರುಗಿ, ಈಜಿ ದಡಕ್ಕೆ ಬಂದಿರುತ್ತದೆ. ಮೀನು ಸಿಕ್ಕಿದ್ದು ಯಾವುದಕ್ಕೆ? ಹಾರಿದ್ದಕ್ಕೋ, ದಡಕ್ಕೆ ಬಂದಿದ್ದಕ್ಕೋ? ಮೆಷಿನ್ ಲರ್ನಿಂಗ್ ಓದುವವರಿಗೆ ಇದು ಕ್ರೆಡಿಟ್ ಅಸೈನ್‌ಮೆಂಟ್ ಸಮಸ್ಯೆ ಅಂತ ತಕ್ಷಣ ಹೊಳೆಯುತ್ತದೆ. ಟ್ರೈನರ್‌ಗಳ ಪರಿಹಾರ ಸೀಟಿ. ಮೊದಲು ಸೀಟಿ, ಹಿಂದೆಯೇ ಮೀನು ಅಂತ ಹಲವು ಸಲ ಜೋಡಿಸಿದರೆ, ಸೀಟಿಯೇ ‘ಇದೇ, ಇದಕ್ಕೇ ಮೀನು’ ಅನ್ನುವ ಗುರುತಾಗುತ್ತದೆ. ಹಾರಿದ ತುತ್ತತುದಿಯ ಕ್ಷಣಕ್ಕೆ ಸೀಟಿ ಊದಿದರೆ ಸಾಕು, ಮೀನು ನಿಧಾನವಾಗಿ ಬರಲಿ. ನಾಯಿಗಳ ಲೋಕದಲ್ಲಿ ಆ ಸೀಟಿಯ ಜಾಗಕ್ಕೆ ಬಂದಿದ್ದು ಟಿಕ್ ಟಿಕ್ ಅನ್ನುವ ಪುಟ್ಟ ಕ್ಲಿಕ್ಕರ್. ಬ್ರೆಲ್ಯಾಂಡ್ ದಂಪತಿ ಇಂಥ ಸದ್ದನ್ನು ದಶಕಗಳ ಹಿಂದೆಯೇ ಬಳಸಿದ್ದರು. ಆದರೆ ಮನೆ ನಾಯಿ ಸಾಕುವವರ ಕೈಗೆ ಅದು ವ್ಯಾಪಕವಾಗಿ ತಲುಪಿದ್ದು 1984ರಲ್ಲಿ ಪ್ರಯರ್ ಬರೆದ ‘ಡೋಂಟ್ ಶೂಟ್ ದ ಡಾಗ್’ ಪುಸ್ತಕ ಬಂದು, 1990ರ ದಶಕದಲ್ಲಿ ಆಕೆ ನಾಯಿ ಟ್ರೈನರ್‌ಗಳಿಗೆ ನೇರವಾಗಿ ಕಲಿಸತೊಡಗಿದ ಮೇಲೆ.

ಅಂದಹಾಗೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಅನ್ನುವ ಹೆಸರೇ ಈ ಪ್ರಾಣಿ ಮನಃಶಾಸ್ತ್ರದಿಂದ ಎರವಲು ಬಂದದ್ದು. ಆ ಕ್ಷೇತ್ರ ಕಟ್ಟಿದ ಆಂಡ್ರ್ಯೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಅವರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಬಂತು. ಕೋಡಿನಲ್ಲಿ ಕಾಣುವ ರಿವಾರ್ಡ್ ಹ್ಯಾಕಿಂಗ್ ನಾಯಿಗೂ ಗೊತ್ತು. ಕದ್ದ ಸಾಕ್ಸ್ ವಾಪಸ್ ಕೊಟ್ಟರೆ ಬಿಸ್ಕತ್ತು ಸಿಗುತ್ತೆ ಅಂತ ತಿಳಿದ ನಾಯಿ ಮರುದಿನದಿಂದ ಸಾಕ್ಸ್ ಕದಿಯುವುದನ್ನು ಹೆಚ್ಚು ಮಾಡುತ್ತದೆ. ದಡ್ಡತನ ಯಾರದು ಅಂತ ನೀವೇ ಹೇಳಿ.

ತೋಳದ ಕಥೆ, ಮತ್ತೆ ಗುರ್ ಅನ್ನುವ ಸದ್ದು

ಕೆಲವರು ಪುಸ್ತಕದಿಂದ, ಟಿ.ವಿ.ಯಿಂದ ಬಂದರು. ಅವರು ಹೊತ್ತು ತಂದ ಮಾತು: ‘ನಾಯಿ ಅಂದರೆ ತೋಳ, ತೋಳಗಳ ಗುಂಪಿಗೆ ಒಬ್ಬ ಆಲ್ಫಾ, ಮನೆಯಲ್ಲಿ ಆ ಆಲ್ಫಾ ನೀನಾಗು.’

ಇದರ ಬೇರು 1947ರಲ್ಲಿದೆ. ರುಡಾಲ್ಫ್ ಶೆಂಕೆಲ್ ಅನ್ನುವವರು ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದರು. ಆವರಣದೊಳಗೆ ಕೂಡಿಹಾಕಿದ ತೋಳಗಳು ಜಾಗಕ್ಕೆ, ಸ್ಥಾನಕ್ಕೆ ಕಾದಾಡುತ್ತಿದ್ದವು. ಹಾಸ್ಟೆಲ್ಲಿನ ಒಂದೇ ರೂಮಿಗೆ ಹತ್ತು ಜನರನ್ನು ಹಾಕಿ ಬೀಗ ಜಡಿದು, ‘ಮನುಷ್ಯ ಕುಟುಂಬ ಹೀಗಿರುತ್ತೆ’ ಅಂತ ಬರೆದ ಹಾಗೆ. 1970ರಲ್ಲಿ ಡೇವಿಡ್ ಮೆಕ್ ಬರೆದ ತೋಳದ ಪುಸ್ತಕ ಆಲ್ಫಾ ಪದವನ್ನು ಇನ್ನೂ ಜನಪ್ರಿಯ ಮಾಡಿತು. ಅದೇ ಮೆಕ್ ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಬೇರೆಯದೇ ಚಿತ್ರ ಕೊಟ್ಟರು: ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಯಾರೂ ಯಾರನ್ನೂ ಸೋಲಿಸಿ ಯಜಮಾನರಾಗಿಲ್ಲ. ತನ್ನ ಹಳೆಯ ಪುಸ್ತಕ ಅಚ್ಚು ಹಾಕುವುದನ್ನು ನಿಲ್ಲಿಸಿ ಅಂತ ಪ್ರಕಾಶಕರಿಗೆ ಅವರೇ ಕೇಳಿಕೊಂಡರು. ಅಷ್ಟರಲ್ಲಿ ಪದ ಊರೆಲ್ಲ ತಿರುಗಿಯಾಗಿತ್ತು.

2004ರಲ್ಲಿ ಟಿ.ವಿ.ಗೆ ಬಂದ ಸೀಸರ್ ಮಿಲನ್ ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದು, ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡಿದವರು. ಕೆಳಗಿನಿಂದ ಮೇಲೆ ಬಂದ ಆ ಬದುಕಿನ ಬಗ್ಗೆ ನಮಗೆ ಗೌರವವೇ ಇದೆ. ಆದರೆ ‘ಯಜಮಾನನಾಗು’ ಅನ್ನುವ ಅವರ ರೀತಿಗೆ ಪ್ರಾಣಿ ನಡವಳಿಕೆ ತಜ್ಞರಿಂದ ಗಟ್ಟಿ ಟೀಕೆ ಬಂತು. ಅಮೆರಿಕದ ನಡವಳಿಕೆ ಪಶುವೈದ್ಯರ ಸಂಘ 2008ರಲ್ಲೇ, ನಡವಳಿಕೆ ತಿದ್ದಲು ಈ ಯಜಮಾನಿಕೆಯ ಸಿದ್ಧಾಂತವನ್ನು ಆಧಾರ ಮಾಡಿಕೊಳ್ಳಬೇಡಿ ಅಂತ ಹೇಳಿಕೆ ಹೊರಡಿಸಿತು.

ಇದು ಪಂಡಿತರ ಜಗಳ ಅಂತ ಬಿಟ್ಟುಬಿಡಬಹುದಿತ್ತು, ನಡುವೆ ‘ಗುರ್’ ಅನ್ನುವ ಸದ್ದು ಇಲ್ಲದೇ ಹೋಗಿದ್ದರೆ. ನಾಯಿ ಗುರುಗುಟ್ಟುವುದು ಎಚ್ಚರಿಕೆ: ‘ನನಗೆ ಭಯ ಆಗ್ತಿದೆ, ದೂರ ಹೋಗು.’ ಅದಕ್ಕೂ ಮೊದಲೇ ಅದು ಸಣ್ಣ ದನಿಯಲ್ಲಿ ಹೇಳಿರುತ್ತದೆ. ಮುಖ ಆ ಕಡೆ ತಿರುಗಿಸಿರುತ್ತದೆ, ತುಟಿ ನೆಕ್ಕಿಕೊಂಡಿರುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸಿರುತ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರಿರುತ್ತದೆ, ಮೈ ಬಿಗಿ ಮಾಡಿಕೊಂಡಿರುತ್ತದೆ. ನಾವು ಯಾವುದನ್ನೂ ನೋಡಿರುವುದಿಲ್ಲ. ಬಾಲ ಅಲ್ಲಾಡಿಸಿದರೆ ಖುಷಿ ಅಂದುಕೊಂಡಿರುತ್ತೇವೆ, ಅದೂ ಪ್ರತಿ ಸಲ ನಿಜವಲ್ಲ. ಈಗ ಗುರ್ ಅಂದಾಗಲೆಲ್ಲ ಮೂತಿಗೆ ಬಾರಿಸಿದರೆ ನಾಯಿ ಗುರುಗುಟ್ಟುವುದನ್ನು ನಿಲ್ಲಿಸಬಹುದು. ಮನೆಯವರು ‘ಟ್ರೈನರ್ ವಾರದಲ್ಲಿ ಸರಿ ಮಾಡಿಬಿಟ್ರು’ ಅಂತ ದುಡ್ಡು ಕೊಡುತ್ತಾರೆ. ಭಯ ಮಾತ್ರ ಅಲ್ಲೇ ಇದೆ. ಫೈರ್ ಅಲಾರಂನ ಬ್ಯಾಟರಿ ತೆಗೆದು ಬೆಂಕಿ ಆರಿತು ಅಂದುಕೊಂಡ ಹಾಗೆ. ಮುಂದೊಂದು ದಿನ ಮನೆಗೆ ಬಂದ ಮಗು ಅದರ ತಟ್ಟೆಯ ಹತ್ತಿರ ಹೋದಾಗ ಅದು ಸುಳಿವೇ ಕೊಡದೆ ಕಚ್ಚುತ್ತದೆ. ಮಗುವಿನ ಕೆನ್ನೆಗೆ ಹೊಲಿಗೆ, ನಾಯಿಗೆ ರಸ್ತೆ ಅಥವಾ ಅದಕ್ಕಿಂತ ಕೆಟ್ಟದ್ದು. ಪರೀಕ್ಷೆ ಇಲ್ಲದ ವೃತ್ತಿಯ ಬೆಲೆ ತೆರುವವರು ಇವರಿಬ್ಬರು. ವಾರದಲ್ಲಿ ಸರಿ ಮಾಡಿದವರು ಅಷ್ಟು ಹೊತ್ತಿಗೆ ಬೇರೆ ಬಡಾವಣೆಯಲ್ಲಿರುತ್ತಾರೆ.

ಆಸ್ಪತ್ರೆಯ ಕಡೆಯಿಂದ

ಇಯಾನ್ ಡನ್‌ಬಾರ್ ಇಂಗ್ಲೆಂಡಿನಲ್ಲಿ ಪಶುವೈದ್ಯ ಓದಿ, ಅಮೆರಿಕದ ಬರ್ಕ್ಲಿಯಲ್ಲಿ ನಾಯಿಗಳ ನಡವಳಿಕೆಯ ಮೇಲೆ ಸಂಶೋಧನೆ ಮಾಡಿದವರು. ತಮ್ಮ ಮರಿಗೆ ತರಗತಿ ಹುಡುಕಿದರೆ, ಆರು ತಿಂಗಳು ತುಂಬಲಿ ಅನ್ನುವುದು ಆಗಿನ ರೂಢಿಯಾಗಿತ್ತು. ಸಮಸ್ಯೆ ಬೇರು ಬಿಡುವುದೇ ಅದಕ್ಕಿಂತ ಮುಂಚೆ ಅಲ್ಲವಾ ಅಂತ 1980ರ ದಶಕದಲ್ಲಿ ಮರಿಗಳಿಗೇ, ಬೆಲ್ಟ್ ಬಿಚ್ಚಿ ಆಡಿಸುವ ತರಗತಿ ಶುರು ಮಾಡಿದರು. 1993ರಲ್ಲಿ ನಾಯಿ ಟ್ರೈನರ್‌ಗಳ ಸಂಘವನ್ನೂ ಕಟ್ಟಿದರು. ಇದಕ್ಕೆ ಆಧಾರವಾದ ಸಂಶೋಧನೆ ಸ್ಕಾಟ್ ಮತ್ತು ಫುಲ್ಲರ್ ಅವರದು, 1965ರ ಪುಸ್ತಕ. ಸುಮಾರು 3ರಿಂದ 12 ವಾರದ ನಡುವೆ ಮರಿ ಏನೇನು ನೋಡುತ್ತದೋ ಅದು ಅದರ ಪಾಲಿಗೆ ‘ಮಾಮೂಲಿ’ ಆಗುತ್ತದೆ. ಆಮೇಲೆ ಕಂಡದ್ದೆಲ್ಲ ಅನುಮಾನ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಲೆಕ್ಕ ಎಡವುತ್ತದೆ. ಎಲ್ಲ ಲಸಿಕೆ ಮುಗಿಯುವವರೆಗೆ ಮರಿಯನ್ನು ಬಾಗಿಲಾಚೆ ಬಿಡುವುದಿಲ್ಲ, ಅಷ್ಟರಲ್ಲಿ ಆ ಕಿಟಕಿ ಮುಚ್ಚಿರುತ್ತದೆ. ಆಮೇಲೆ ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ ಅದರ ಪಾಲಿಗೆ ರಾಕ್ಷಸ. ಮೊದಲ ಲಸಿಕೆ, ಜಂತುಹುಳದ ಔಷಧಿ ಆಗಿ ಒಂದು ವಾರ ಕಳೆದ ಮೇಲೆ ಶುಚಿಯಾದ ಕಡೆ ಮರಿಗಳ ತರಗತಿ ಶುರು ಮಾಡಬಹುದು ಅಂತ ಆ ನಡವಳಿಕೆ ಪಶುವೈದ್ಯರ ಸಂಘವೇ ಹೇಳುತ್ತದೆ. ಬೀದಿಯ ನೆಲ ಮುಟ್ಟಿಸದೆ ಎತ್ತಿಕೊಂಡು ಹೋಗಿ ಬಸ್ಸು, ಛತ್ರಿ, ಮಕ್ಕಳನ್ನು ದೂರದಿಂದ ತೋರಿಸುವುದಕ್ಕಂತೂ ಯಾವ ಅಡ್ಡಿಯೂ ಇಲ್ಲ. ನಿಮ್ಮ ಪಶುವೈದ್ಯರನ್ನು ಒಂದು ಮಾತು ಕೇಳಿಕೊಳ್ಳಿ ಅಷ್ಟೆ.

ಈ ಬಾಗಿಲಿನ ತುದಿಗೆ ಇರುವವರು ನಡವಳಿಕೆಯಲ್ಲಿ ಪರಿಣತಿ ಪಡೆದ ಪಶುವೈದ್ಯರು. ಅಮೆರಿಕದಲ್ಲಿ ಪದವಿಯ ನಂತರ ವರ್ಷಗಟ್ಟಲೆ ರೆಸಿಡೆನ್ಸಿ, ಮೇಲೆ ಪರೀಕ್ಷೆ. ನಮ್ಮಲ್ಲಾದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಂಥ ಕಾಲೇಜುಗಳ ಐದೂವರೆ ವರ್ಷದ ಪಶುವೈದ್ಯ ಪದವಿಯಿಂದ ಶುರು ಮಾಡಬೇಕು. ಬಿಇ ಮಾಡುತ್ತಿರುವ ನಮಗೆ ಆ ಬಸ್ಸು ಹೋಗಿಯಾಯಿತು ಅನ್ನಿ. ಆದರೂ ಒಂದು ಮಾತು ತಲೆಯಲ್ಲಿರಲಿ: ಇದ್ದಕ್ಕಿದ್ದ ಹಾಗೆ ಸಿಡುಕತೊಡಗಿದ ನಾಯಿಗೆ ಕಿವಿ ಸೋಂಕೋ, ಹಲ್ಲುನೋವೋ, ಸೊಂಟದ ಕೀಲುನೋವೋ ಇರಬಹುದು. ಮೊದಲು ವೈದ್ಯರಿಗೆ ತೋರಿಸಿ ಬನ್ನಿ ಅನ್ನದೆ ಅಡ್ವಾನ್ಸ್ ಇಸಿದುಕೊಳ್ಳುವ ಟ್ರೈನರ್ ಹತ್ತಿರ ಕಲಿಯಲು ಹೋಗಬೇಡಿ. ‘ಬಿಹೇವಿಯರಿಸ್ಟ್’ ಅನ್ನುವ ಪದವನ್ನು ವಿಸಿಟಿಂಗ್ ಕಾರ್ಡಿಗೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಮಾತ್ರೆ ಬರೆದುಕೊಡುವ ಅಧಿಕಾರ ಮಾತ್ರ ವೈದ್ಯರಿಗಷ್ಟೇ.

ಹಾಗಾದರೆ ನಾವು ಎಲ್ಲಿಂದ ಹೋಗೋದು?

ಖಾಸಗಿಯಾಗಿ ಈ ಕೆಲಸ ಮಾಡುವವರನ್ನು ಮಾತಾಡಿಸಿ ನೋಡಿ, ‘ನಮ್ಮನೇಲಿ ಒಂದು ಕಷ್ಟದ ನಾಯಿ ಇತ್ತು’ ಅಂತ ಕಥೆ ಶುರು ಮಾಡುವವರು ತುಂಬಾ ಜನ. ಅದರ ಸಲುವಾಗಿ ಓದಿದರು, ಯಾರದೋ ಹಿಂದೆ ಓಡಾಡಿದರು, ಪಕ್ಕದ ಮನೆಯವರು ಕರೆದರು, ಹಾಗೇ ಕೆಲಸವಾಯಿತು. ಇನ್ನು ಕೆಲವರು ಶೆಲ್ಟರಿನಲ್ಲಿ ಪಂಜರ ತೊಳೆಯುತ್ತಾ ಕಲಿತರು. ಸಿನಿಮಾ ಅನ್ನುವ ಸಣ್ಣ ಬಾಗಿಲೂ ಇದೆ. 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡ ನಮ್ಮಲ್ಲಿ ಎಷ್ಟು ಜನ ಕ್ಯಾಮೆರಾ ಹಿಂದೆ ನಿಂತಿದ್ದ ತರಬೇತುದಾರನನ್ನು ನೆನೆದೆವೋ ಗೊತ್ತಿಲ್ಲ.

ನಮ್ಮ ಅಭಿಪ್ರಾಯದಲ್ಲಿ ವಿದ್ಯಾರ್ಥಿಗೆ ಒಳ್ಳೆಯದು ಶೆಲ್ಟರ್ ದಾರಿ. ವಾರಕ್ಕೆ ಒಂದು ಭಾನುವಾರ ಸಾಕು. ಅಲ್ಲಿ ಒಂದೇ ದಿನ ಮೂವತ್ತು ಬಗೆಯ ಸ್ವಭಾವ ಕಣ್ಣಿಗೆ ಬೀಳುತ್ತದೆ. ಈಗ ಇದಕ್ಕೆ ಇನ್ನೊಂದು ತುರ್ತೂ ಸೇರಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಆವರಣದ ಬೀದಿನಾಯಿಗಳನ್ನು ಶೆಲ್ಟರಿಗೆ ಸಾಗಿಸಬೇಕು ಅಂತ ಆದೇಶಿಸಿತು. ಅದು ಸರಿಯೋ ತಪ್ಪೋ ಅಂತ ನಮ್ಮ ಮೆಸ್ಸಿನಲ್ಲಿ ದಿನಾ ವಾದ ನಡೆಯುತ್ತದೆ, ಇಲ್ಲಿ ಅದು ಬೇಡ. ಎರಡೂ ಪಕ್ಷದವರು ಒಪ್ಪಬೇಕಾದ ಒಂದು ವಿಷಯ ಇದೆ: ಬಯಲಲ್ಲಿ ಬೆಳೆದ ನಾಯಿಗಳನ್ನು ಗೋಡೆಯೊಳಗೆ ತಂದಾಗ ಅವುಗಳ ಭಯವನ್ನು ಓದಬಲ್ಲ, ಯಾವುದನ್ನು ಯಾವುದರ ಪಕ್ಕ ಬಿಡಬಾರದು ಅಂತ ಹೇಳಬಲ್ಲ ಕೈಗಳು ಬೇಕೇ ಬೇಕು.

ಹೋಗುವ ಮೊದಲು ರೇಬಿಸ್‌ನ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಕಚ್ಚಿದರೆ ಅಥವಾ ಪರಚಿದರೆ ತಕ್ಷಣ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ, ಮೊದಲೇ ಲಸಿಕೆ ಆಗಿದ್ದರೂ ಕೂಡ.

ಗುರು ಹುಡುಕುವಾಗ ಜೀನ್ ಡೊನಾಲ್ಡ್‌ಸನ್ ಅನ್ನುವ ಹಿರಿಯ ತರಬೇತುದಾರ್ತಿ ಪ್ರಚಾರಕ್ಕೆ ತಂದ ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ನಾಯಿ ಸರಿಯಾಗಿ ಮಾಡಿದರೆ ಅದಕ್ಕೆ ನಿಖರವಾಗಿ ಏನಾಗುತ್ತೆ? ತಪ್ಪು ಮಾಡಿದರೆ ನಿಖರವಾಗಿ ಏನಾಗುತ್ತೆ? ಇದಕ್ಕಿಂತ ಕಡಿಮೆ ತೊಂದರೆಯ ದಾರಿ ಇದೆಯಾ? ‘ಎನರ್ಜಿ’, ‘ಲೀಡರ್‌ಶಿಪ್’ ಅಂತ ಉತ್ತರ ಬಂದರೆ ಅದು ಉತ್ತರವಲ್ಲ. ‘ಚೂರು ಚಿಕನ್ ಕೊಡ್ತೀನಿ’, ‘ಏನೂ ಕೊಡಲ್ಲ, ಸುಲಭ ಮಾಡಿ ಮತ್ತೆ ಕೇಳ್ತೀನಿ’ ಅನ್ನುವುದು ಉತ್ತರ. ಅಮೆರಿಕ ಮೂಲದ ಸಿಸಿಪಿಡಿಟಿ ಸಂಸ್ಥೆಯ ಮೊದಲ ಹಂತದ ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷದೊಳಗೆ ಕನಿಷ್ಠ 300 ಗಂಟೆ ಕಲಿಸಿದ ಅನುಭವ ತೋರಿಸಬೇಕು. ಭಾನುವಾರಕ್ಕೆ ಎರಡು ಗಂಟೆ ಅಂದರೆ 150 ಭಾನುವಾರ, ಹೆಚ್ಚು ಕಡಿಮೆ ಮೂರು ವರ್ಷ. ಫಸ್ಟ್ ಇಯರ್‌ನಲ್ಲಿ ಶುರು ಮಾಡಿದವರು ಫೈನಲ್ ಇಯರ್ ಹೊತ್ತಿಗೆ ಹತ್ತಿರ ಬಂದಿರುತ್ತಾರೆ. ಹೆಚ್ಚಿನ ವಿಡಿಯೋ ಕೋರ್ಸುಗಳು ಈ ಗಂಟೆಗಳ ಬಗ್ಗೆ ಬಾಯೇ ಬಿಡುವುದಿಲ್ಲ.

ಎಂಜಿನಿಯರಿಂಗ್ ಓದಿದ್ದು ಇಲ್ಲಿ ವ್ಯರ್ಥವೇನಲ್ಲ. ನಾಯಿ ಬೊಗಳುವ ಮೊದಲು ಏನಾಯಿತು, ಬೊಗಳಿದ ಮೇಲೆ ಏನಾಯಿತು ಅಂತ ವಾರಗಟ್ಟಲೆ ಬರೆದಿಡುವುದು, ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಿಸುವುದು ನಮಗೆ ಅಭ್ಯಾಸವಿರುವ ಡೀಬಗ್ಗಿಂಗ್. ಕಷ್ಟ ಇರುವುದು ಬೇರೆ ಕಡೆ. ಈ ಕೆಲಸದಲ್ಲಿ ಪಾಠ ಹೇಳುವುದು ಮುಖ್ಯವಾಗಿ ಮನುಷ್ಯರಿಗೆ. ಸಂಜೆ ಟ್ರಾಫಿಕ್ಕಿನಲ್ಲಿ ಗಂಟೆ ಕಳೆದು ಮನೆ ತಲುಪಿದರೆ, ‘ಮೇಲೆ ಹಾರಬಾರದು’ ಅಂತ ನೀವು ನಾಯಿಗೆ ಕಲಿಸಿದ್ದನ್ನು ತಾತ ‘ಇರಲಿ ಬಿಡಮ್ಮಾ, ಪಾಪ’ ಅಂತ ಹತ್ತರಲ್ಲಿ ಒಂದು ಸಲ ಮುದ್ದು ಮಾಡಿ ಕೆಡಿಸಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನವೇ ಚಟವನ್ನು ಗಟ್ಟಿ ಮಾಡುವುದು, ಜೂಜಿನ ಮೆಷಿನ್ನಿನ ಹಾಗೆ. ತಾತನಿಗೆ ಇದನ್ನು ಬೇಸರವಾಗದ ಹಾಗೆ ತಿಳಿಸಿ ಹೇಳುವುದು ಅರ್ಧ ವೃತ್ತಿ. ಆದಾಯವೂ ಮೊದಲ ವರ್ಷಗಳಲ್ಲಿ ಏರುಪೇರು. ಹಾಗಾಗಿ ಬೇರೆ ಕೆಲಸ ಇಟ್ಟುಕೊಂಡೇ ಶುರು ಮಾಡಿ ಅನ್ನುವುದು ನಮ್ಮ ಸಲಹೆ.

ನಿಮಗೆ ಇದು ಒಗ್ಗುತ್ತದಾ ಅಂತ ನೋಡಲು ನಾಯಿ ಕೂಡ ಬೇಕಿಲ್ಲ. ಟ್ರೈನರ್‌ಗಳೇ ಆಡುವ ಒಂದು ಆಟ ಇದೆ, ಇವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಆಡಿ ನೋಡಿ. ಒಬ್ಬನನ್ನು ಹೊರಗೆ ಕಳಿಸಿ. ಉಳಿದವರು ಅವನಿಂದ ಮಾಡಿಸಬೇಕಾದ ಒಂದು ಸಣ್ಣ ಕೆಲಸ ಆರಿಸಿ: ಫ್ಯಾನ್ ಸ್ವಿಚ್ ಮುಟ್ಟುವುದು, ಬಕೆಟ್ಟನ್ನು ತಲೆಕೆಳಗೆ ಇಡುವುದು, ಇಂಥದ್ದು. ಒಬ್ಬರ ಕೈಗೆ ಟಿಕ್ ಅನ್ನುವ ಬಾಲ್ ಪೆನ್ನು ಕೊಡಿ, ಅವರೇ ಟ್ರೈನರ್. ಹೊರಗಿದ್ದವನು ಒಳಗೆ ಬಂದ ಮೇಲೆ ಮಾತಿಲ್ಲ, ಸನ್ನೆ ಇಲ್ಲ, ನಗು ಕೂಡ ಇಲ್ಲ. ಅವನು ಸರಿಯಾದ ದಿಕ್ಕಿಗೆ ತಿರುಗಿದ ಕ್ಷಣಕ್ಕೆ ಒಂದು ಟಿಕ್, ಒಂದು ಕಡ್ಲೆಕಾಯಿ ಬೀಜ. ಇನ್ನೊಂದು ಹೆಜ್ಜೆ ಹತ್ತಿರ ಬಂದರೆ ಇನ್ನೊಂದು. ಟಿಕ್ ಅರ್ಧ ಸೆಕೆಂಡು ತಡವಾದರೆ ಅವನು ಸ್ವಿಚ್ಚಿನ ಬದಲು ಕ್ಯಾಲೆಂಡರ್ ಮುಟ್ಟುತ್ತಾ ನಿಲ್ಲುತ್ತಾನೆ. ಬಹಳ ಹೊತ್ತು ಟಿಕ್ ಬರದಿದ್ದರೆ ಸಿಟ್ಟಾಗಿ ಮಂಚದ ಮೇಲೆ ಕೂತುಬಿಡುತ್ತಾನೆ, ಆಗ ಇನ್ನೂ ಸಣ್ಣ ಹೆಜ್ಜೆಗೆ ಬಹುಮಾನ ಕೊಡಿ. ಹತ್ತು ನಿಮಿಷ ಆದ ಮೇಲೆ ಪೆನ್ನು ಹಿಡಿದವರು ಹೊರಗೆ ಹೋಗಲಿ.